ಕೌಸಲ್ಯಾ ಟೀಚರ ಮೊಣಕಾಲು

ರಿಂಗಿಗೆ ಬಡಿದು ಪುಟಿದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿದು ಕೌಸಲ್ಯಾ ನೆಲಕ್ಕಿಳಿಯುವುದಕ್ಕೂ, ಅದೇ ಚೆಂಡಿಗೆ ಹಾರಿದ್ದ ತನ್ನದೇ ತಂಡದ ವಿನೋದಿನಿ ಅವಳ ಬಲಗಾಲಿನ ಮೇಲೆ ಬೀಳುವುದಕ್ಕೂ ಸರಿಹೋಯಿತು. ಮೊಣಕಾಲಿನೊಳಗೆ ಹಸಿ ಕಡ್ಡಿ ಮುರಿದಂತೆ ಲಟಕ್ಕೆಂದಿತು. ಅಂಗಳದಲ್ಲಿದ್ದ ಹತ್ತು ಜನರಲ್ಲಿ ಆ ಸದ್ದು ಕೇಳಿಸಿದ್ದು ಅವಳೊಬ್ಬಳಿಗೇ. ಚೆಂಡನ್ನು ಮಾತ್ರ ಬಿಡಲಿಲ್ಲ. ಬಿದ್ದಲ್ಲಿಂದಲೇ ಅದನ್ನು ಪಕ್ಕದವಳಿಗೆ ತಳ್ಳಿ, ಬಿಸಿ ಸಿಮೆಂಟಿನ ಮೇಲೆ ಅಂಗೈ ಊರಿ ಏಳಲು ನೋಡಿದಳು. ಕಾಲು ಅವಳ ಮಾತು ಕೇಳಲಿಲ್ಲ.

ಅದು ಐವತ್ತೇಳನೇ ಇಸವಿಯ ಹೆಂಗಸರ ಬಾಸ್ಕೆಟ್‌ಬಾಲ್ ಲೀಗಿನ ಸೆಮಿಫೈನಲ್. ಉಳಿದ ನಾಲ್ಕು ನಿಮಿಷವನ್ನು ಹುಡುಗಿಯರು ಅವಳಿಲ್ಲದೆ ಆಡಿ ಗೆದ್ದರು. ಗೆಲ್ಲಿಸಿದ ಬಾಸ್ಕೆಟ್ ಹಾಕಿದ್ದು ವಿನೋದಿನಿಯೇ.

ಮರುದಿನ ಡಾಕ್ಟರು ತೊಡೆಯಿಂದ ಹಿಮ್ಮಡಿಯವರೆಗೆ ಪ್ಲಾಸ್ಟರ್ ಹಾಕಿಸಿ, "ಈ ಸೀಸನ್ ಮುಗೀತು ಅಂತ ತಿಳ್ಕೊಳ್ಳಿ" ಎಂದರು.

"ಮುಂದಿನದು?"

"ನಿಮಗೆ ವಯಸ್ಸೆಷ್ಟು?"

"ಮೂವತ್ತನಾಲ್ಕು."

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಕೌಸಲ್ಯಾ ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಿದಳು, "ಮುಂದಿನ ಸೀಸನ್ ಶುರುವಾಗೋದು ಮಳೆಗಾಲ ಕಳೆದ ಮೇಲೆ. ಇನ್ನೂ ಹನ್ನೊಂದು ತಿಂಗಳಿದೆ. ಪ್ಲಾಸ್ಟರ್ ಒಳಗೇ ಮಾಡೋ ವ್ಯಾಯಾಮ ಏನಾದ್ರೂ ಇದ್ರೆ ಹೇಳಿ." ಅವರು ನಕ್ಕು, ತೊಡೆಯ ಸ್ನಾಯು ಬಿಗಿದು ಸಡಿಲಿಸುವುದನ್ನು ತೋರಿಸಿಕೊಟ್ಟರು. ಅವಳು ಅದನ್ನು ಮನೆ ಮುಟ್ಟುವುದರೊಳಗೆ ನೂರು ಸಲ ಮಾಡಿದ್ದಳು.

ಮೈಸೂರಿನ ಕಾಲೇಜಿನಲ್ಲಿ ಚೆಂಡು ಹಿಡಿದವಳು ಅವಳು. ಹನ್ನೊಂದು ವರ್ಷದ ಹಿಂದೆ, ಪರೇಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಗುಮಾಸ್ತನಾಗಿದ್ದ ಅಣ್ಣ ರಾಮಸ್ವಾಮಿಯ ಮನೆಗೆ ಬಂದು, ಮಾಟುಂಗದ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆದಳು. ಶಾಲೆ ಬಿಟ್ಟ ಹುಡುಗಿಯರನ್ನು ಸೇರಿಸಿ ತಂಡ ಕಟ್ಟಿದ್ದೂ ಅವಳೇ. ಆ ತಂಡ ಮೂರು ಸಲ ಫೈನಲಿಗೆ ಹೋಗಿ ಮೂರು ಸಲವೂ ಸೋತಿತ್ತು. ಇದು ನಾಲ್ಕನೆಯದು.

"ಇನ್ನಾದ್ರೂ ಸುಮ್ನೆ ಇರಬಾರ್ದೇನೆ?" ಎಂದಳು ಅತ್ತಿಗೆ ಅಲಮೇಲು, ಅವಳ ಕಾಲ ಕೆಳಗೆ ದಿಂಬು ಇಡುತ್ತ. "ಕಾಲೇ ಹೇಳ್ತಿದೆ, ಸಾಕು ಅಂತ."

"ಕಾಲು ಹೇಳಿದ್ದು ಈ ವರ್ಷ ಬೇಡ ಅಂತ, ಅತ್ತಿಗೆ. ಅದಕ್ಕಿಂತ ಹೆಚ್ಚು ಹೇಳಿಲ್ಲ."

ಐದನೆಯ ದಿನ ತಂಡದವಳೊಬ್ಬಳು ಚೀಟಿಯೊಂದನ್ನು ತಂದುಕೊಟ್ಟಳು. ವಿನೋದಿನಿ ಬರೆದದ್ದು. ಅಪ್ಪ ಇನ್ನು ಆಡಲು ಕಳಿಸುವುದಿಲ್ಲವಂತೆ, ಟೀಚರ್ ಕ್ಷಮಿಸಬೇಕಂತೆ.

ಚೀಟಿ ಓದಿದಾಗ ಕೌಸಲ್ಯಾಗೆ ಮೊದಲು ಬಂದದ್ದು ಬೇಸರವಲ್ಲ. ಎದೆಯ ಮೂಲೆಯಲ್ಲೆಲ್ಲೋ ಹಗುರಾಯಿತು. ವಿನೋದಿನಿಗೆ ಹತ್ತೊಂಬತ್ತು, ತನ್ನ ಜಾಗಕ್ಕೆ ಬರಬೇಕಾದವಳು. ಅವಳೂ ಇಲ್ಲದೆ ತಂಡ ಸೋತರೆ, ಕೌಸಲ್ಯಾ ಇಲ್ಲದ್ದಕ್ಕೇ ಸೋತಿತು ಅನ್ನುತ್ತಾರೆ. ಜಾಗ ಹಾಗೇ ಕಾದಿರುತ್ತದೆ. ಇಷ್ಟು ಯೋಚಿಸಿದ ಮೇಲೆ ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಚೀಟಿಯನ್ನು ಮಡಚಿ, "ಅತ್ತಿಗೆ, ನನ್ನ ಸೀರೆ ತೆಕ್ಕೊಡಿ" ಎಂದಳು.

ವಿನೋದಿನಿಯ ಮನೆ ದೂರದ ದಹಿಸರ್‌ನಲ್ಲಿ. ಪರೇಲಿನಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಇಳಿದು, ಸೇತುವೆ ದಾಟಿ ಇನ್ನೊಂದು ಲೈನಿನ ಗಾಡಿ ಹಿಡಿಯಬೇಕು. ಸೇತುವೆಯ ಮೆಟ್ಟಿಲನ್ನು ಅವಳು ಹೀಗೆ ಹತ್ತಿದಳು: ಮೊದಲು ಒಳ್ಳೆಯ ಕಾಲು, ಆಮೇಲೆ ಊರುಗೋಲುಗಳು, ಕೊನೆಗೆ ಮರದ ದಿಮ್ಮಿಯಂಥ ಆ ಬಲಗಾಲು. ಜನ ಎರಡೂ ಬದಿಯಿಂದ ಹರಿದುಹೋದರು. ಕಂಕುಳು ಉರಿಯುತ್ತಿತ್ತು. ಹೆಂಗಸರ ಡಬ್ಬಿಯಲ್ಲಿ ಪ್ಲಾಸ್ಟರ್ ಕಾಲು ನಡುದಾರಿಗೆ ಚಾಚಿಕೊಂಡಿತ್ತು. ಮೀನಿನ ಬುಟ್ಟಿಯವಳೊಬ್ಬಳು ಬೋರಿವಲಿಯವರೆಗೂ ಅದಕ್ಕೆ ಕಾವಲು ನಿಂತು, ಹತ್ತುವವರನ್ನೆಲ್ಲ ಗದರಿಸುತ್ತ ಬಂದಳು.

ವಿನೋದಿನಿಯ ತಂದೆ ಸದಾನಂದ ಶೆಟ್ಟರ ಹೋಟೆಲು ಸ್ಟೇಷನ್ನಿನ ಎದುರಿಗೇ ಇತ್ತು, ಮೇಲೆ ಮನೆ. ಮರದ ಮೆಟ್ಟಿಲಿನ ಮೇಲೆ ಊರುಗೋಲಿನ ಸದ್ದು ಕೇಳಿ ಅವರು ಗಲ್ಲಾ ಬಿಟ್ಟು ಹಿಂದೆಯೇ ಓಡಿಬಂದರು.

"ಈ ಅವಸ್ಥೆಯಲ್ಲಿ ಯಾಕೆ ಬಂದದ್ದು ಮಾರಾಯ್ರೆ? ಒಂದು ಕಾಗದ ಹಾಕಿದ್ರೆ ಸಾಕಿತ್ತಲ್ಲ."

"ಕಾಗದಕ್ಕಾದ್ರೆ ನೀವು ಆಗೋಲ್ಲ ಅಂತ ಬರೀತಿದ್ರಿ," ಎಂದಳು ಕೌಸಲ್ಯಾ, ಕುರ್ಚಿಯಲ್ಲಿ ಕೂತು ಉಸಿರು ತೆಗೆದುಕೊಳ್ಳುತ್ತ.

"ಬಂದದ್ದಕ್ಕೂ ಅದೇ ಹೇಳುದು. ನಿಮ್ಮ ಕಾಲು ಕಣ್ಣೆದುರೇ ಉಂಟಲ್ಲ. ಉಡುಪಿ ಕಡೆಯ ಒಂದು ಸಂಬಂಧ ಮಾತಾಡ್ತಾ ಇದ್ದೇವೆ. ನಾಳೆ ಇವಳ ಕಾಲು ಹೀಗಾದ್ರೆ ಯಾರು ಒಪ್ಪುದು? ಕಡೆಗೆ ಇವಳೂ ನಿಮ್ಮ ಹಾಗೆ..." ಶೆಟ್ಟರು ಅಲ್ಲಿಗೇ ತಡೆದು, ಹೆಗಲ ಟವೆಲು ಸರಿಪಡಿಸಿಕೊಂಡರು.

ಬಾಗಿಲ ಹತ್ತಿರ ನಿಂತಿದ್ದ ವಿನೋದಿನಿ ತಲೆ ತಗ್ಗಿಸಿದಳು.

"ಹೇಳಿ ಪರವಾಗಿಲ್ಲ," ಎಂದಳು ಕೌಸಲ್ಯಾ. "ಮದುವೆ ಇಲ್ಲದೆ, ಅಣ್ಣನ ಮನೇಲಿ, ಕಾಲು ಮುರ್ಕೊಂಡು. ಸುಳ್ಳೇನಲ್ಲ. ಆದ್ರೆ ಮದುವೆ ಬೇಡ ಅಂದವಳು ನಾನು. ಅದಕ್ಕೆ ಚೆಂಡನ್ನ ಬೈಬೇಡಿ."

"ಇವಳಿಗೆ ಏನೂ ಆಗುದಿಲ್ಲ ಅಂತ ನೀವು ಬರೆದು ಕೊಡ್ತೀರಾ?"

"ಕೊಡಲ್ಲ. ಆಗಬಹುದು."

ಶೆಟ್ಟರು ಬೇರೆ ಉತ್ತರಕ್ಕೆ ಸಿದ್ಧರಾಗಿದ್ದವರು. ಆಗ ಒಳಗಿನಿಂದ ಅವರ ಹೆಂಡತಿ ಅಕ್ಕು ಕಾಫಿ ಹಿಡಿದು ಬಂದಳು.

"ಇವರ ಕೈ ನೋಡಿ ಟೀಚರ್," ಎಂದಳು. ಶೆಟ್ಟರ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟು ಸುಕ್ಕಾಗಿತ್ತು. "ಮೊದಲು ಭಾಂಡುಪಿನ ಕ್ಯಾಂಟೀನಿನಲ್ಲಿ ಕೆಲಸಕ್ಕಿದ್ದಾಗ ಎಣ್ಣೆ ಬಾಣಲೆ ಮಗುಚಿದ್ದು. ಎರಡು ತಿಂಗಳು ಕೈ ಎತ್ತಲಿಕ್ಕೆ ಆಗ್ಲಿಲ್ಲ. ಊರಿಗೆ ಬನ್ನಿ, ಗದ್ದೆ ಉಂಟು ಅಂತ ನಾನು ಕಾಗದ ಬರೆಸಿದೆ. ಬಂದ್ರಾ ಕೇಳಿ."

"ಅದು ಹೊಟ್ಟೆಪಾಡು ಮಾರಾಯ್ತಿ."

"ಹೊಟ್ಟೆಪಾಡು ಊರಿನಲ್ಲಿಯೂ ಇತ್ತು," ಎಂದು ಅಕ್ಕು ಒಳಗೆ ಹೋದಳು.

ಕೌಸಲ್ಯಾ ಕಾಫಿ ಕುಡಿದು ಮುಗಿಸಿದಳು. "ಇವಳ ಆಟ ನೀವು ಒಂದು ಸಲನಾದ್ರೂ ನೋಡಿದ್ದೀರಾ?"

"ಹೋಟ್ಲು ಬಿಟ್ಟು ನಾನು ಎಲ್ಲಿಗೆ ಬರುದು?"

"ಮುಂದಿನ ಭಾನುವಾರ ಸಂಜೆ ನಾಲ್ಕಕ್ಕೆ ಫೈನಲ್. ಬಂದು ನೋಡಿ. ನೋಡಿಯೂ ಬೇಡ ಅಂದ್ರೆ ನಾನು ಮತ್ತೆ ಈ ಮೆಟ್ಟಿಲು ಹತ್ತೋಲ್ಲ."

ಶೆಟ್ಟರು ಅವಳನ್ನು ಪ್ಲಾಟ್‌ಫಾರ್ಮಿನವರೆಗೂ ನಡೆಸಿಕೊಂಡು ಬಂದು, ಗಾಡಿ ಹತ್ತಿಸಿ, ಅದು ಹೊರಡುವವರೆಗೂ ನಿಂತಿದ್ದರು.

ಭಾನುವಾರ ವಿನೋದಿನಿ ಬಂದಳು, ಒಬ್ಬಳೇ. "ಅಪ್ಪ ಹೋಗು ಅಂದ್ರು, ಟೀಚರ್. ಅಷ್ಟೇ ಅಂದದ್ದು."

ಆದರೆ ಅವಳು ಆಡಿದ್ದು ಅವಳ ಆಟವಲ್ಲ. ಚೆಂಡು ಮೇಲೆ ಹೋದಾಗೆಲ್ಲ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದಳು. ಎದುರಾಳಿ ತಂಡದ ಬಾಂದ್ರಾದ ಹುಡುಗಿಯರು ಎಂಟು ಅಂಕ ಮುಂದಾದರು. ವಿರಾಮದಲ್ಲಿ, ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದ ಕೌಸಲ್ಯಾ ಅವಳನ್ನು ಹತ್ತಿರ ಕರೆದಳು.

"ನನ್ನ ಕಾಲು ನೆನೆಸ್ಕೊಂಡು ಆಡ್ತಿದೀಯ."

"ಹೌದು ಟೀಚರ್. ಡರ್ ಲಗ್ತಾ ಹೈ."

"ಹೆದರಿಕೆ ಇರಲಿ, ಅದರ ಪಾಡಿಗೆ ಅದು. ಇದು ನನ್ನ ಕಾಲು, ಇದನ್ನ ನಾನು ನೋಡ್ಕೋತೀನಿ. ನೀನು ಚೆಂಡು ನೋಡು. ನೋಡಿ ಹಾರು."

ಮೊದಲ ಎರಡು ಸಲ ಅವಳು ಅರೆಮನಸ್ಸಿನಿಂದ ಹಾರಿದಳು. ಮೂರನೆಯ ಸಲ ಇಬ್ಬರ ನಡುವೆ ನುಗ್ಗಿ ಮೇಲೆದ್ದು, ಎಲ್ಲರ ಕೈಗಳಿಗಿಂತ ಒಂದು ಗೇಣು ಎತ್ತರದಲ್ಲಿ ಚೆಂಡನ್ನು ಕಿತ್ತುಕೊಂಡಳು. ಕೌಸಲ್ಯಾಳ ಎದೆ ಹಿಂಡಿದಂತಾಯಿತು. ಅಷ್ಟು ಎತ್ತರಕ್ಕೆ ತಾನು ಎಂದೂ ಹಾರಿರಲಿಲ್ಲ, ಇಪ್ಪತ್ತರ ವಯಸ್ಸಿನಲ್ಲಿಯೂ. ಆ ನೋವು ನುಂಗಿಕೊಂಡು ಅವಳು, "ಎಡಕ್ಕೆ, ಎಡಕ್ಕೆ ಕೊಡು" ಎಂದು ಕೂಗಿದಳು. ವಿನೋದಿನಿ ಎಡಕ್ಕೇ ಕೊಟ್ಟಳು.

ಎಂಟರ ಅಂತರ ಒಂದಕ್ಕೆ ಇಳಿಯಿತು. ಸೀಟಿ ಊದಿದಾಗ ಅದು ಒಂದರಲ್ಲೇ ನಿಂತಿತ್ತು. ನಾಲ್ಕನೆಯ ಸಲವೂ ಸೋತರು.

ಹುಡುಗಿಯರು ಕಣ್ಣೊರೆಸಿಕೊಳ್ಳುತ್ತ ಅವಳ ಸುತ್ತ ಕೂತರು. ಕೌಸಲ್ಯಾ ಯಾರನ್ನೂ ಸಮಾಧಾನ ಮಾಡಲಿಲ್ಲ. "ನಾಳೆ ರಜ. ಮಂಗಳವಾರ ಐದಕ್ಕೆ ಪ್ರಾಕ್ಟೀಸ್" ಎಂದಷ್ಟೇ ಹೇಳಿದಳು. ಪ್ಲಾಸ್ಟರಿನೊಳಗೆ ತೊಡೆಯ ಸ್ನಾಯುವನ್ನು ಬಿಗಿದು, ಹತ್ತು ಎಣಿಸಿ, ಸಡಿಲಿಸಿದಳು.

ಅಂಗಳದ ಆಚೆ ಬದಿಯಿಂದ ಪಂಚೆ ಎತ್ತಿ ಕಟ್ಟಿದ ಒಬ್ಬರು ದಾಪುಗಾಲು ಹಾಕಿಕೊಂಡು ಬಂದರು. ಸದಾನಂದ ಶೆಟ್ಟರು. ಯಾವಾಗ ಬಂದಿದ್ದರೋ, ಮುಖ ಕೆಂಪಾಗಿತ್ತು. ಮಗಳ ಕಡೆ ನೋಡದೆ ನೇರ ಕೌಸಲ್ಯಾಳ ಎದುರು ನಿಂತರು.

"ಅಲ್ಲ ಟೀಚರ್, ಆ ಬಾಂದ್ರಾದ ಹುಡುಗಿ ಚೆಂಡು ಕೈಯಲ್ಲಿ ಹಿಡ್ಕೊಂಡೇ ನಡೆದಳಲ್ಲ, ನಾನು ಕಣ್ಣಾರೆ ನೋಡಿದೆ. ರೆಫ್ರಿ ಯಾಕೆ ಸೀಟಿ ಊದ್ಲಿಲ್ಲ? ಅದು ಸರಿಯಾ?"

"ಯಾವಾಗ?"

"ಕಡೆಗೆ. ಎಷ್ಟು ಹೆಜ್ಜೆ ಇಡಬಹುದು, ಅದಾದ್ರೂ ಹೇಳಿ."

ಕೌಸಲ್ಯಾ ಊರುಗೋಲು ಹಿಡಿದು ಎದ್ದಳು. ಅಂಗಳದಾಚೆಯ ಧೂಳಿನಲ್ಲಿ ಅದರ ತುದಿಯಿಂದ ಎರಡು ಪಾದಗಳ ಗುರುತು ಬರೆದಳು. "ನಿಂತ್ಕೊಂಡು ಚೆಂಡು ಹಿಡಿದ ಮೇಲೆ ಈ ಒಂದು ಕಾಲು ನೆಲ ಬಿಡಬಾರದು. ಇನ್ನೊಂದು ಯಾವ ಕಡೆ ಬೇಕಾದ್ರೂ ತಿರುಗಬಹುದು."

ಶೆಟ್ಟರು ಚಪ್ಪಲಿ ಕಳಚಿ ಬದಿಗಿಟ್ಟರು. ಗುರುತಿನ ಮೇಲೆ ಬರಿಗಾಲು ಊರಿ, ಇನ್ನೊಂದು ಕಾಲನ್ನು ಮೆಲ್ಲಗೆ, ಬೀಳುವೆನೇನೋ ಎಂಬಂತೆ ಕೈ ಅಗಲಿಸಿಕೊಂಡು, ಮಗಳಿದ್ದ ಕಡೆಗೆ ತಿರುಗಿಸಿದರು.