ನಿಂತದ್ದನ್ನು ನಿಂತ ಹಾಗೇ

ಗಡಿಯಾರ ರಿಪೇರಿ ಅಂಗಡಿಯ ಗೋಡೆಯ ಮೇಲೆ ಒಂದು ರಟ್ಟಿನ ಬೋರ್ಡು ನೇತಾಡುತ್ತಿತ್ತು: ‘ನಿಂತದ್ದನ್ನು ನಿಂತ ಹಾಗೇ ತನ್ನಿ.’ ದಪ್ಪ ಅಕ್ಷರಗಳಲ್ಲಿ ಅದನ್ನು ಬರೆದವರು ಅಂಗಡಿಯ ಮಾಲೀಕರೇ. ಬೀದಿಯವರ ಬಾಯಲ್ಲಿ ಅವರು ಗಡಿಯಾರದ ಮಾಮ. ಜನರಿಗೊಂದು ಕೆಟ್ಟ ಚಾಳಿ. ಕೆಟ್ಟ ಗಡಿಯಾರವನ್ನು ತರುವ ಮುಂಚೆ ಒರೆಸಿ, ಕೀ ಕೊಟ್ಟು, ಅಲ್ಲಾಡಿಸಿ, ಹೇಗೋ ಓಡುವಂತೆ ಮಾಡಿಕೊಂಡೇ ತರುತ್ತಾರೆ. ಮಾಮನ ಮುಂದೆ ಅದು ಸಂಭಾವಿತನಂತೆ ಟಿಕ್ ಟಿಕ್ ಎನ್ನುತ್ತದೆ, ಮನೆ ಸೇರಿದ ಮೇಲೆ ಮತ್ತೆ ನಿಲ್ಲುತ್ತದೆ. ಇಂಥವರಿಗೆ ಮಾಮ ಹಿಗ್ಗಾಮುಗ್ಗಾ ಬೈಯುತ್ತಿದ್ದರು. ಕಾರು ಮೆಕ್ಯಾನಿಕ್ ಕೂಡ ಒಮ್ಮೆ ಗೋಡೆ ಗಡಿಯಾರ ತಂದು ಬೈಸಿಕೊಂಡು ಹೋಗಿದ್ದ.

ಇಷ್ಟೆಲ್ಲ ಬುದ್ಧಿ ಹೇಳುವ ಮಾಮನ ಮನೆಯ ಮುಂದೆ ಒಂದು ಹಳೇ ಕಾರಿತ್ತು. ಚಳಿ ಶುರುವಾದಾಗಿನಿಂದ ಅದು ಕೈಕೊಡತೊಡಗಿತ್ತು. ಮಧ್ಯಾಹ್ನವಾದರೆ ಮುಟ್ಟಿದರೆ ಸಾಕು, ಸ್ಟಾರ್ಟ್. ಬೆಳಗಿನ ಐದಕ್ಕೆ ಕೀ ತಿರುಗಿಸಿದರೆ ಮಾತ್ರ ಮುದುಕನ ಹಾಗೆ ಗೊರಗೊರ ಕೆಮ್ಮಿ ಸುಮ್ಮನಾಗುತ್ತಿತ್ತು.

ಕಾರು ಬೇಕಾಗಿದ್ದದ್ದು ಬೆಳಗಿನ ಐದಕ್ಕೇ. ಮಾಮನ ಮಗಳು ಮೊದಲ ಬಸ್ಸಿನ ಡ್ರೈವರ್. ಮೊದಲ ಬಸ್ಸು ಓಡಿಸುವವಳನ್ನು ಡಿಪೋ ಮುಟ್ಟಿಸಲು ಅದಕ್ಕೂ ಮೊದಲಿನ ಬಸ್ಸು ಎಲ್ಲಿಂದ ಬರಬೇಕು? ಮೊದಲ ಬಸ್ಸಿನ ಡ್ಯೂಟಿಗಾಗಿ ಮೂರು ವರ್ಷ ಕಾದವಳು ಈ ತಿಂಗಳು ಆಗಲೇ ಎರಡು ಸಲ ತಡವಾಗಿ ಹೋಗಿದ್ದಳು. ಇನ್ನೊಂದು ಸಲ ತಡವಾದರೆ ಬಸ್ಸು ಬೇರೆಯವರ ಕೈಗೆ ಎಂದು ಮ್ಯಾನೇಜರ್ ಖಡಾಖಂಡಿತವಾಗಿ ಹೇಳಿದ್ದರು.

ಅವಳು ಮೂರು ದಿನ ರಜೆ ಹಾಕಿ ಮೆಕ್ಯಾನಿಕ್‌ನನ್ನು ಕರೆಸಿದಳು. ಕಾರು ತಣ್ಣಗಿರುವಾಗಲೇ ನೋಡಬೇಕು, ಐದಕ್ಕೆ ಬರುತ್ತೇನೆ ಎಂದ ಅವನು. ಅಲ್ಲಿಗೆ ಮಾಮನ ನಿದ್ದೆ ಹಾರಿತು. ಬೀದಿಯ ಗಡಿಯಾರಗಳನ್ನೆಲ್ಲ ಓಡಿಸುವವನ ಕಾರೇ ಓಡುವುದಿಲ್ಲವಂತೆ ಎಂದು ಗ್ಯಾರೇಜಿನವರು ನಗುವುದು ಈಗಲೇ ಕಿವಿಗೆ ಬಿದ್ದಂತಾಯಿತು. ನಾಲ್ಕಕ್ಕೇ ಎದ್ದು, ಹೆಂಡತಿ ಮಂಡಿನೋವಿಗೆಂದು ಇಟ್ಟುಕೊಂಡಿದ್ದ ರಬ್ಬರ್ ಚೀಲಕ್ಕೆ ಬಿಸಿನೀರು ತುಂಬಿ ಎಂಜಿನ್ನಿನ ಮೇಲಿಟ್ಟರು. ಅದರ ಮೇಲೆ ಕಂಬಳಿ. ಆಮೇಲೆ ಕೀ ತಿರುಗಿಸುತ್ತಾ, ಬಿಡುತ್ತಾ, ಬೇಡಿಕೊಳ್ಳುತ್ತಾ ಅಂತೂ ಕಾರನ್ನು ಸ್ಟಾರ್ಟ್ ಮಾಡಿ, ಒಂದಷ್ಟು ಹೊತ್ತು ಎಂಜಿನ್ ಓಡಲು ಬಿಟ್ಟು ಆರಿಸಿ, ಚೀಲ, ಕಂಬಳಿ ಒಳಗಿಟ್ಟರು. ರಜೆಯ ಮಗಳದ್ದು ಕುಂಭಕರ್ಣನ ನಿದ್ದೆ; ಏನೂ ಗೊತ್ತಾಗಲಿಲ್ಲ. ಐದಕ್ಕೆ ಬಂದ ಮೆಕ್ಯಾನಿಕ್ ಕೀ ತಿರುಗಿಸಿದ್ದೇ ತಡ, ಕಾರು ಸ್ಟಾರ್ಟ್ ಆಯಿತು.

ಅವನು ತಲೆ ಕೆರೆದುಕೊಂಡು, ಬ್ಯಾಟರಿಯ ತುದಿಗಳಿಗೆ ಹತ್ತಿದ್ದ ಬಿಳಿ ಬೂಷ್ಟನ್ನು ಉಜ್ಜಿ ತೆಗೆದು ಹೋದ. ನಾಳೆ ಇದ್ದದ್ದನ್ನು ಇದ್ದ ಹಾಗೇ ತೋರಿಸಿಬಿಡಬೇಕು ಎಂದು ಮಾಮ ಗಟ್ಟಿ ಮನಸ್ಸು ಮಾಡಿದರು. ನಾಲ್ಕು ಗಂಟೆಯಾಗುತ್ತಲೇ ಮತ್ತೆ ನಾಚಿಕೆ ಗೆದ್ದಿತು. ಎರಡನೆಯ ದಿನ ಮೆಕ್ಯಾನಿಕ್ ಪ್ಲಗ್ಗುಗಳನ್ನು ಬದಲಾಯಿಸಿದ. ಮೂರನೆಯ ದಿನವೂ ಕಾರು ಒಂದೇ ಸಲಕ್ಕೆ ಎದ್ದಾಗ ಅವನು ಕೈ ಒರೆಸಿಕೊಂಡು ಮಗಳ ಕಡೆ ತಿರುಗಿದ.

“ಕಾರಲ್ಲಿ ಏನೂ ತೊಂದ್ರೆ ಇಲ್ಲ ಮೇಡಂ. ಕೆಲವರು ಆಕ್ಸಿಲರೇಟರ್ ಜಾಸ್ತಿ ತುಳಿದು ಪೆಟ್ರೋಲ್ ತುಂಬಿಸಿಬಿಡ್ತಾರೆ. ಸ್ಟಾರ್ಟ್ ಮಾಡೋರು ಸ್ವಲ್ಪ ಕಲೀಬೇಕು, ಅಷ್ಟೆ.”

ಅರವತ್ತು ಜನರನ್ನು ಕೂರಿಸಿಕೊಂಡು ಕಡಿದಾದ ದಿಬ್ಬ ಹತ್ತಿಸುವ ಹುಡುಗಿಗೆ ಈ ಮಾತು. ಅವಳು ರೇಗಿದ್ದರೆ ಮಾಮ ಬಚಾವಾಗುತ್ತಿದ್ದರು. ಅವಳ ಮುಖ ಸಪ್ಪಗಾಯಿತು.

“ನನ್ನದೇ ತಪ್ಪಿರಬೇಕು ಅಪ್ಪಾ. ನಾಳೆ ನೀನೇ ಸ್ಟಾರ್ಟ್ ಮಾಡಿಕೊಡ್ತೀಯಾ?”

ತನ್ನ ಮಾನ ಉಳಿಸಿಕೊಳ್ಳಲು ಮಗಳ ಮಾನ ಕಳೆದಿದ್ದೇನೆ ಎಂದು ಮಾಮನಿಗೆ ಆಗ ಹೊಳೆಯಿತು. ಒಳಗೆ ಹೋಗಿ, ಇನ್ನೂ ಬಿಸಿಯಾಗಿದ್ದ ಚೀಲವನ್ನು ತಂದು ಇಬ್ಬರ ಮುಂದೆ ಹಿಡಿದರು.

“ಅವಳ ತಪ್ಪೇನೂ ಇಲ್ಲ. ನೀನು ಬರೋ ಮುಂಚೆ ನಾನೇ ಕಾರು ಬಿಸಿ ಮಾಡಿ ಇಡ್ತಿದ್ದೆ. ಮೂರು ದಿನದಿಂದ.”

ಮೆಕ್ಯಾನಿಕ್ ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ. ಬೆಚ್ಚಗಿತ್ತು. ಮೂರು ದಿನವೂ ಅವನು ಕೀ ತಿರುಗಿಸಿದ ಮೇಲೇ ಬಾನೆಟ್ ಎತ್ತಿದ್ದ; ಬಿಸಿ ಆಗ ಹತ್ತಿದ್ದೆಂದೇ ತಿಳಿದಿದ್ದ.

“ಮಾಮ, ನಿಮ್ಮ ಅಂಗಡೀಲಿ ಒಂದು ಬೋರ್ಡ್ ಇದೆಯಲ್ಲ,” ಎಂದ. “ಅದನ್ನ ತಂದು ಈ ಕಾರಿಗೆ ಕಟ್ಟಿ.”

ಮಗಳು ದಿನವಿಡೀ ಅಪ್ಪನ ಜೊತೆ ಮಾತಾಡಲಿಲ್ಲ. ಹೆಂಡತಿ ಆಡಬೇಕಾದ್ದಕ್ಕಿಂತ ಹೆಚ್ಚೇ ಆಡಿ, ರಬ್ಬರ್ ಚೀಲವನ್ನು ತಬ್ಬಿಕೊಂಡು ಮಲಗಿದಳು.

ಮರುದಿನ ನಾಲ್ಕಕ್ಕೆ ಎಚ್ಚರವಾದರೂ ಮಾಮ ಕೈಕಟ್ಟಿಕೊಂಡು ಹಾಸಿಗೆಯಲ್ಲೇ ಬಿದ್ದಿದ್ದರು. ಐದಕ್ಕೆ ಕಾಲು ಗಂಟೆ ಇರುವಾಗ ಮೆಕ್ಯಾನಿಕ್ ಬಂದ. ಸಮವಸ್ತ್ರ ತೊಟ್ಟ ಮಗಳು, ಅಪ್ಪ ರಾತ್ರಿಯೇ ಅಂಗಡಿಯಿಂದ ತಂದು ಸ್ಟೇರಿಂಗಿಗೆ ಕಟ್ಟಿದ್ದ ಬೋರ್ಡನ್ನು ಬಿಚ್ಚಿ ಪಕ್ಕದ ಸೀಟಿಗೆ ಹಾಕಿ ಕೀ ತಿರುಗಿಸಿದಳು. ಗೊರಗೊರ. ಮತ್ತೊಮ್ಮೆ ಗೊರಗೊರ.

“ನೋಡಿದ್ಯಾ, ಕೆಮ್ತಾ ಇದೆ,” ಎಂದರು ಮಾಮ. ತನ್ನ ಕಾರು ಸ್ಟಾರ್ಟ್ ಆಗದ್ದಕ್ಕೆ ಅಷ್ಟು ಹಿಗ್ಗಿದ ಮನುಷ್ಯ ಇನ್ನೊಬ್ಬನಿರಲಾರ.

ಮೆಕ್ಯಾನಿಕ್ ಬಾನೆಟ್ ಎತ್ತಿ, ಚೋಕ್ ಎಳೆಯಲು ಹೇಳಿದ. ಎಂಜಿನ್ ತಣ್ಣಗಿರುವಾಗ ಗಾಳಿ ಕಡಿಮೆ, ಪೆಟ್ರೋಲ್ ಹೆಚ್ಚು ಹೋಗಬೇಕು. ಚೋಕಿನ ಗುಂಡಿ ಎಳೆದರೆ ಒಂದು ತಂತಿ ಗಾಳಿಯ ಮುಚ್ಚಳವನ್ನು ಮುಚ್ಚುತ್ತದೆ. ಮಗಳು ಎಳೆದಳು. ಗುಂಡಿ ಈಚೆ ಬಂತು, ಮುಚ್ಚಳ ಮಾತ್ರ ಮಿಸುಕಲಿಲ್ಲ. ತಂತಿಯ ಆ ತುದಿ ತಿರುಪಿನಿಂದ ಜಾರಿಕೊಂಡು ಯಾವ ಕಾಲವಾಗಿತ್ತೋ. ಎಂಜಿನ್ ಬಿಸಿಯಿದ್ದಾಗ ಚೋಕೇ ಬೇಕಿಲ್ಲ, ಹಾಗಾಗಿ ಮೂರು ದಿನ ಅದರ ಸುದ್ದಿಗೆ ಯಾರೂ ಹೋಗಿರಲಿಲ್ಲ. ಮೆಕ್ಯಾನಿಕ್ ತಂತಿ ಎಳೆದು, ತಿರುಪು ಬಿಗಿ ಮಾಡಿದ. ಎರಡು ನಿಮಿಷದ ಕೆಲಸ. ಈ ಸಲ ಕೀ ತಿರುಗಿಸಿದಾಗ ಕಾರು ಒಮ್ಮೆ ನಡುಗಿ ಸ್ಟಾರ್ಟ್ ಆಯಿತು. ಅಪ್ಪನ ಕಡೆ ನೋಡದೆ, ಬೋರ್ಡನ್ನೂ ಹಿಂದಿರುಗಿಸದೆ ಮಗಳು ಹೊರಟೇ ಹೋದಳು.

ಮಾಮ ಅಂದು ಬೇಗನೆ ಅಂಗಡಿ ತೆರೆದು ಬಾಗಿಲಲ್ಲಿ ನಿಂತರು. ಗೋಡೆಯ ಗಡಿಯಾರಗಳೆಲ್ಲ ಆರೂ ಇಪ್ಪತ್ತು ತೋರಿಸಿದಾಗ ತಿರುವಿನಲ್ಲಿ ಮೊದಲ ಬಸ್ಸು ಕಾಣಿಸಿತು. ಒಂದು ನಿಮಿಷವೂ ಹಿಂದೆಮುಂದಿಲ್ಲ. ಬಸ್ಸಿನ ಮುಂದಿನ ಗಾಜಿಗೆ ಒರಗಿಸಿದ್ದ ಬೋರ್ಡಿನ ಮೇಲೆ ಅವರದೇ ದಪ್ಪ ಅಕ್ಷರಗಳು. ಅಂಗಡಿಯ ಮುಂದೆ ಮಗಳು ಎರಡು ಸಲ ಹಾರ್ನ್ ಹೊಡೆದಳು. ಮಾಮ ಕನ್ನಡಕ ತೆಗೆದು ಒರೆಸಿಕೊಂಡರು.

ಆಮೇಲೆ ಬಂದ ಮೊದಲ ಗಿರಾಕಿ ಒಬ್ಬ ಮುದುಕಿ. ಅವಳ ಕೈಯಲ್ಲಿ ಟೈಂಪೀಸು ಟಿಕ್ ಟಿಕ್ ಎನ್ನುತ್ತಿತ್ತು. ಮನೆಯಲ್ಲಿ ನಿಲ್ಲುತ್ತದಂತೆ. ಮಾಮ ಬೈಯಲು ಬಾಯಿ ತೆರೆದು ಗೋಡೆಯ ಕಡೆ ನೋಡಿದರು. ಅಲ್ಲಿ ಬರೀ ಮೊಳೆಯಿತ್ತು.

“ಬರೋ ಮುಂಚೆ ಕೀ ಕೊಟ್ರಾ?”

ಮುದುಕಿ ತಲೆ ತಗ್ಗಿಸಿದಳು. “ನಿಂತಿದ್ದನ್ನ ಹಿಡ್ಕೊಂಡು ಬರೋಕೆ ಒಂಥರಾ ನಾಚಿಕೆ ಆಯ್ತಪ್ಪ.”

“ನನಗೂ ಆಗುತ್ತಮ್ಮ,” ಎನ್ನುತ್ತಾ ಮಾಮ ಸ್ಟೂಲು ಎಳೆದು ಕೊಟ್ಟರು. “ಕೂತ್ಕೊಳ್ಳಿ. ಅದು ನಿಲ್ಲೋವರೆಗೂ ಕಾಯೋಣ.”