ಖಾಲಿ ಸ್ಟ್ರಿಪ್ಪುಗಳು

ಜಯಶ್ರೀಯ ನೇಮಕಾತಿ ಪತ್ರದಲ್ಲಿ ಕ್ಲಿನಿಕಲ್ ಫಾರ್ಮಸಿಸ್ಟ್ ಎಂದಿತ್ತು. ಬಳ್ಳಾರಿಯ ಆ ಆಸ್ಪತ್ರೆಗೆ ಬರುವವರ ಬಾಯಲ್ಲಿ ಅವಳು ಗುಳಿಗಿ ಮೇಡಂ. ಗುರುವಾರ ನರರೋಗದ ಹೊರರೋಗಿಗಳ ದಿನ. ಒಳಗೆ ಡಾಕ್ಟರು ಮಧ್ಯಾಹ್ನದೊಳಗೆ ಎಂಬತ್ತು ಜನರನ್ನು ನೋಡಿ ಮುಗಿಸಬೇಕು. ಪಾಪ, ಅವರಿಗೆ ರೋಗಿಯ ಮುಖ ನೋಡಲು ಪುರುಸೊತ್ತಾದರೆ ಅದೇ ದೊಡ್ಡದು. ಉಳಿದದ್ದೆಲ್ಲ ಬಾಗಿಲಾಚೆಯ ಜಯಶ್ರೀಯ ಮೇಜಿನ ಪಾಲು. ಯಾವ ಗುಳಿಗೆ ಎಷ್ಟೊತ್ತಿಗೆ, ಊಟಕ್ಕೆ ಎಷ್ಟು ಮುಂಚೆ, ತಪ್ಪಿದರೆ ಏನು ಎಂದು ಅವಳು ಒಬ್ಬೊಬ್ಬರಿಗೂ ಬಿಡಿಸಿ ಹೇಳುತ್ತಿದ್ದಳು. ಮುಂದಿನ ಸಲ ಬರುವಾಗ ಖಾಲಿ ಸ್ಟ್ರಿಪ್ಪು ತರಲೇಬೇಕು. ಅವನ್ನು ನೋಡಿಯೇ ಯಾರು ಸರಿಯಾಗಿ ನುಂಗಿದ್ದಾರೆ, ಯಾರು ಕಣ್ಣಿಗೆ ಮಣ್ಣೆರಚುತ್ತಿದ್ದಾರೆ ಎಂದು ಹೇಳಬಲ್ಲೆನೆಂಬ ಹೆಮ್ಮೆ ಅವಳಿಗಿತ್ತು.

ಕುರುಗೋಡಿನ ಕೊಟ್ಟೂರಪ್ಪ ಅವಳ ಅಚ್ಚುಮೆಚ್ಚಿನ ರೋಗಿ. ಜೀನ್ಸ್ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದವನು. ಪಾರ್ಕಿನ್ಸನ್ ಬಂದು ಕೈ ನಡುಗತೊಡಗಿದ ಮೇಲೆ ಮನೆ ಸೇರಿದ್ದ. ಮೊದಲ ದಿನ ಅವನು ಕೇಳಿದ್ದು ಒಂದೇ ಮಾತು, ಈ ಗುಳಿಗೆ ಎಷ್ಟು ವರ್ಷ ಕೆಲಸ ಮಾಡುತ್ತದೆ ಎಂದು. ರೋಗಿಗೆ ಸುಳ್ಳು ಹೇಳುವುದು ಜಯಶ್ರೀಯಿಂದ ಆಗದ ಕೆಲಸ. ರೋಗ ಬೆಳೆದಂತೆ ಐದಾರು ವರ್ಷಕ್ಕೆ ಇದರ ಬಲ ಕಡಿಮೆ ಅನ್ನಿಸಬಹುದು ಎಂದಳು. ಅವನು ತಲೆಯಾಡಿಸಿದ. ಮಗಳು ಹೇಮಾಳ ಮದುವೆಯಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ತಾನು ಸ್ವಂತ ಕಾಲ ಮೇಲೆ ನಿಂತಿರಬೇಕು, ಅಷ್ಟಾದರೆ ಸಾಕು ಎಂದ.

ಆಮೇಲೆ ಎರಡು ವರ್ಷ, ತಿಂಗಳು ತಪ್ಪದೆ ಬಂದ. ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ನಡಿಗೆ, ಕೈಚೀಲದಲ್ಲಿ ಖಾಲಿ ಸ್ಟ್ರಿಪ್ಪುಗಳು. ಡಾಕ್ಟರು ಬೆನ್ನು ತಟ್ಟಿ ಕಳಿಸುತ್ತಿದ್ದರು. ಜಯಶ್ರೀಯಂತೂ ಬೇರೆ ರೋಗಿಗಳಿಗೆ ಅವನನ್ನೇ ತೋರಿಸಿ, ನೋಡಿ ಕಲಿಯಿರಿ ಎನ್ನುತ್ತಿದ್ದಳು. ಹೇಮಾಳಿಗೆ ಸಿರುಗುಪ್ಪದ ಸಂಬಂಧ ಗಟ್ಟಿಯಾಯಿತು. ಲಗ್ನಪತ್ರಿಕೆಯನ್ನು ಅವನೇ ತಂದು ಜಯಶ್ರೀಯ ಮೇಜಿನ ಮೇಲಿಟ್ಟು ಹೋದ.

ಮದುವೆಗೆ ಒಂಬತ್ತು ದಿನ ಇರುವಾಗ ಕೊಟ್ಟೂರಪ್ಪ ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಸುದ್ದಿ ಕೇಳಿ ಜಯಶ್ರೀ ವಾರ್ಡಿಗೆ ಓಡಿದಳು. ಅವನ ಮೈ ಕೊರಡಿನಂತೆ ಸೆಟೆದಿತ್ತು. ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವವನ ಮೈ ಹೀಗಿರುವುದಿಲ್ಲ. ಮನೆಯಲ್ಲಿರುವ ಔಷಧಿಯನ್ನೆಲ್ಲ ತೋರಿಸಲು ಅವನ ಹೆಂಡತಿ ಎರ್ರಮ್ಮನಿಗೆ ಹೇಳಿದಳು. ಎರ್ರಮ್ಮ ಮರುದಿನ ಸ್ಟೀಲಿನ ಡಬ್ಬಿಯೊಂದನ್ನು ತಂದು ಮುಚ್ಚಳ ತೆಗೆದಳು. ಸ್ಟ್ರಿಪ್ಪಿನಿಂದ ಬಿಡಿಸಿದ ಗುಳಿಗೆಗಳು ಬಾಯಿಮಟ ತುಂಬಿದ್ದವು; ಎಷ್ಟೋ ಗುಳಿಗೆಗಳು ಕಪ್ಪಿಟ್ಟಿದ್ದವು.

“ಇಲ್ಲಿಗೆ ಬರೋ ಹಿಂದಿನ ದಿನದಿಂದ ಅಷ್ಟ ನುಂಗತಿದ್ರು ಯವ್ವಾ,” ಎಂದಳು ಎರ್ರಮ್ಮ. “ಉಳಿದ ದಿನ ಗ್ವಾಡಿ ಹಿಡಕೊಂಡು ಕುಂತಿರ್ತಿದ್ರು. ಐದಾರು ವರ್ಷದ ಬಲ ಐತಿ ಅಂತ ಮೇಡಂ ಹೇಳ್ಯಾರ, ಮನ್ಯಾಗ ಕುಂತು ಯಾಕ ಖರ್ಚು ಮಾಡಬೇಕು, ಹೇಮಾನ ಮದುವಿಗೆ ಇರಲಿ ಅಂತಿದ್ರು. ನಿಮಗ ಬ್ಯಾಸರ ಆಗಬಾರದು ಅಂತ ಶೀಟು ಖಾಲಿ ಮಾಡಿ ತರ್ತಿದ್ರು.”

ಅದು ಎತ್ತಿಟ್ಟರೆ ಉಳಿಯುವ ಬಲವಲ್ಲ. ನುಂಗಿದರೂ ಬಿಟ್ಟರೂ ರೋಗ ತನ್ನ ಪಾಡಿಗೆ ತಾನು ಬೆಳೆಯುತ್ತದೆ. ಈ ಎರಡು ಮಾತು ಹೇಳಲು ಜಯಶ್ರೀಗೆ ಎರಡು ವರ್ಷ ಸಿಕ್ಕಿತ್ತು. ಸ್ಟ್ರಿಪ್ಪು ನೋಡುತ್ತ ಕೂತಳೇ ಹೊರತು, ಮನೆಯಲ್ಲಿ ಯಜಮಾನರು ಹೇಗಿರುತ್ತಾರೆ ಎಂದು ಎರ್ರಮ್ಮನನ್ನು ಒಮ್ಮೆಯೂ ಕೇಳಿರಲಿಲ್ಲ.

ಸಿರುಗುಪ್ಪದಲ್ಲಿ ಅಕ್ಕಿಕಾಳು ಬಿದ್ದಾಗ ಕೊಟ್ಟೂರಪ್ಪ ವಾರ್ಡಿನ ಮಂಚದ ಮೇಲಿದ್ದ. ಅವನ ತಮ್ಮ ಮುಂದೆ ನಿಂತು ಮದುವೆ ಮುಗಿಸಿದ. ಈಗ ಹೊತ್ತುಹೊತ್ತಿಗೆ ಹೊಸ ಗುಳಿಗೆ ಹೋಗುತ್ತಿತ್ತು, ಜಯಶ್ರೀಯೇ ನಿಂತು ನುಂಗಿಸುತ್ತಿದ್ದಳು. ಕೈ ಒಂದಿಷ್ಟು ಸಡಿಲವಾಯಿತು. ಇನ್ನು ನಡೆಯುವ ಮಾತಿಲ್ಲ ಎಂದು ಮೂಳೆ ಡಾಕ್ಟರು ಎರ್ರಮ್ಮನನ್ನು ಹೊರಗೆ ಕರೆದು ಹೇಳಿದ್ದರು.

ಮನೆಗೆ ಕಳಿಸುವ ದಿನ ಅವನು ಜಯಶ್ರೀಯನ್ನು ಹತ್ತಿರ ಕರೆದ. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

“ಮೇಡಂ, ಡಬ್ಬ್ಯಾಗಿನ ಗುಳಿಗಿ ಇನ್ನಾ ನಡೀತಾವಲ್ರಿ? ಹೇಮಾ ಬಸುರಾಗಿ ಕುಬುಸ ಮಾಡೋ ಹೊತ್ತಿಗರ ಎದ್ದು ನಿಂದರಬೇಕಂತ ಅದೀನಿ.”

ಆ ಗುಳಿಗೆಗಳನ್ನು ಅವಳು ಹದಿನೈದು ದಿನದ ಹಿಂದೆಯೇ ಆಸ್ಪತ್ರೆಯ ಕಸಕ್ಕೆ ಸುರಿದಿದ್ದಳು.

“ನಡೀತಾವ್ರಿ ಯಜಮಾನ್ರೆ,” ಎಂದಳು ಜಯಶ್ರೀ.