ನೂಲು ಕಟ್ಟಿದ ಕಾಯಿ

ತೀರಿಹೋದ ಸೋದರತ್ತೆಯ ಹಾಸಿಗೆಯನ್ನು ಪುಟ್ಟಿ ಸುತ್ತುತ್ತಿದ್ದಾಗ ಅಪ್ಪ ಬಾಗಿಲಿಗೆ ಬಂದು ನಿಂತರು. ತಮ್ಮ ಅಕ್ಕನನ್ನು ಮಣ್ಣು ಮಾಡಿ ಬಂದ ಕಾಲಲ್ಲಿ ಇನ್ನೂ ಕೆಸರಿತ್ತು. ಕಣ್ಣು ಮಾತ್ರ ಗೋಡೆಯ ಮೊಳೆಯ ಮೇಲೆ.

“ಹಾಸಿಗೆ ಬೇಕಾದ್ರೆ ಬಿಸಾಕು. ಆ ಗೊಂಚಲು ಮಾತ್ರ ಜೋಪಾನ. ಇನ್ಮೇಲೆ ಅದು ನಿಂದೇ.”

ಮೊಳೆಯಲ್ಲಿ ತೂಗುತ್ತಿದ್ದದ್ದು ಬೀಜಕ್ಕೆಂದು ಬಿಟ್ಟ ಮೆಣಸಿನಕಾಯಿ, ಒಂದೊಂದರ ತೊಟ್ಟಿಗೂ ಗುರುತಿಗೆ ಕಟ್ಟಿದ ಬಿಳಿ ನೂಲು. ಕಚ್ಚಿದರೆ ಮೊದಲು ಮಾಗಿದ ಹಣ್ಣಿನ ಸಿಹಿ, ಆಮೇಲೆ ಕಿವಿಯಲ್ಲಿ ಹೊಗೆ. ಅಜ್ಜಿಯ ಅಜ್ಜಿಯ ಕಾಲದ ತಳಿ. ಮನೆಯ ಕೆಳಗೆ ಅಪ್ಪ ನಡೆಸುವ ಹೋಟೆಲಿಗೆ ಜನ ಬರುತ್ತಿದ್ದುದೇ ಇದರ ಖಾರ ನೆಂಚಿಕೊಳ್ಳುವ ಆಸೆಗೆ. ತಾರಸಿಯ ಕುಂಡಗಳ ಕಾಯಿ ಅಡುಗೆಗೆ ಸರಿ, ಬಿತ್ತನೆಗಲ್ಲ. ನೆರೆಮನೆಯ ಗಿಡಗಳನ್ನೆಲ್ಲ ಸುತ್ತಿ ಬಂದ ಜೇನು ಅವುಗಳ ಹೂವಿನ ಮೇಲೂ ಕೂರುತ್ತದೆ, ಆ ಬೀಜ ಹಾಕಿದರೆ ಬರೀ ಉರಿ ಹುಟ್ಟುತ್ತದೆ. ಅದಕ್ಕೇ ಬೀಜದ ಗಿಡವೊಂದಕ್ಕೆ ಸೊಳ್ಳೆಪರದೆಯ ಗೂಡು. ಈ ವರ್ಷದ ಗಿಡ ಆಗಲೇ ಒಣಗಿ ಕಡ್ಡಿಯಾಗಿತ್ತು, ಹಳೆಯ ಬೀಜ ಒಂದೂ ಉಳಿದಿರಲಿಲ್ಲ. ಇಡೀ ತಳಿ ಈಗ ಆ ಮೊಳೆಯಲ್ಲಿತ್ತು.

“ನಾನು ಸೋಮವಾರ ಹೊರಡಬೇಕಲ್ಲಪ್ಪ. ಬೇಕರಿಯವರು ಕೆಲಸಕ್ಕೆ ನನಗೋಸ್ಕರ ಕಾಯ್ತಿದ್ದಾರೆ.”

“ಬೇಕರಿ ಎಲ್ಲಿಗೂ ಓಡಿಹೋಗಲ್ಲ. ಇದೊಂದು ಫಸಲು ಆಗ್ಲಿ.”

ಅತ್ತೆಗೂ ಹಿಂದೆ ಹೀಗೇ ಹೇಳಿದ್ದರಂತೆ, ಒಂದೇ ಒಂದು ಫಸಲು ಅಂತ. ಮೂವತ್ತು ದಾಟಿದರೂ ಪುಟ್ಟಿಯಾಗಿಯೇ ಉಳಿದವಳಿಗೆ ಈ ಮಾತು ಬಾಯೊಳಗಿನ ಬಿಸಿತುಪ್ಪವಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

“ಬಂದವರು ಊಟಕ್ಕೆ ಕೂತಿದ್ದಾರೆ,” ಅಂದರು ಅಪ್ಪ. “ಅವಳ ಖಾರ ಇಲ್ಲದೆ ಕಳಿಸೋಕಾಗುತ್ತಾ? ಕುಂಡದಲ್ಲಿರೋದನ್ನ ಕಿತ್ತು ರುಬ್ಬು.”

*

ಹಿಂದಿನ ವರ್ಷ ಅತ್ತೆ ಗೂಡಿನೊಳಗೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಹೂವನ್ನೂ ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದಳು. ಜೇನನ್ನು ಹೊರಗಿಟ್ಟ ಮೇಲೆ ಜೇನಿನ ಕೆಲಸವೂ ಅವಳದೇ. ಪುಟ್ಟಿ ನೂಲಿನ ಉಂಡೆ ಹಿಡಿದು ಪರದೆಯ ಹೊರಗೆ ನಿಂತಿದ್ದಳು.

“ಆ ಬಸ್ ಡ್ರೈವರ್ ಮದುವೆಗೆ ಕೇಳಿದಾಗ ಯಾಕತ್ತೆ ಒಪ್ಪಲಿಲ್ಲ ನೀನು?”

“ಹೂ ಬಿಟ್ಟಿತ್ತಲ್ಲೇ.”

“ಮಾರನೇ ವರ್ಷ?”

“ಆವಾಗ್ಲೂ ಹೂ ಬಿಟ್ಟಿತ್ತು.”

ಇಬ್ಬರೂ ನಕ್ಕರು. ಆಮೇಲೆ ಅತ್ತೆ ದನಿ ತಗ್ಗಿಸಿದಳು. “ಒಂದ್ಸಲ ಗೊಂಚಲು ಇಳಿಸಿ ಒಲೆ ತನಕ ಒಯ್ದಿದ್ದೆ ಕಣೇ. ಹುರಿದುಬಿಟ್ರೆ ಪೀಡೆ ಕಳೀತು ಅಂತ. ಎಣ್ಣೆನೂ ಕಾದಿತ್ತು. ಅಷ್ಟರಲ್ಲಿ ಕೋಣೆಯಲ್ಲಿ ಅಮ್ಮ ಕೆಮ್ಮಿದಳು. ವಾಪಸ್ ತಂದು ನೇತುಹಾಕಿದೆ.”

“ಅಜ್ಜಿ ನೋಡಿಬಿಟ್ಟಿದ್ದಳಾ?”

“ಇಲ್ಲಪ್ಪ. ಸುಮ್ನೆ ಕೆಮ್ಮಿದ್ದು. ನನಗೆ ಅಷ್ಟೇ ಸಾಕಾಯ್ತು.”

ಬಿಸಿಲೇರುತ್ತಿತ್ತು. ನೂಲು ಕೊಡು ಎಂದು ಅತ್ತೆ ಪರದೆಯ ಕೆಳಗಿನಿಂದ ಕೈ ಚಾಚಿದಳು.

*

ಅಡುಗೆಮನೆಗೂ ಊಟದ ಹಾಲಿಗೂ ನಡುವೆ ಒಂದು ಗೇಣಗಲದ ಕಿಟಕಿ. ಎದುರುಮನೆಯ ಟೈಲರಮ್ಮನ ಮಾತು ಒಲೆಯವರೆಗೂ ಬರುತ್ತಿತ್ತು.

“ಪುಟ್ಟಿ ಇದ್ದಾಳಲ್ಲ, ಇನ್ನೇನು ಚಿಂತೆ? ಅತ್ತೆ ಕೈಗುಣವೇ ಅವಳಿಗೂ ಬಂದಿದೆ. ಗೂಡಿನ ಪರದೆ ಹಳೇದಾಗಿದ್ರೆ ಹೇಳಿ, ನಾನು ಹೊಸದು ಹೊಲಿದುಕೊಡ್ತೀನಿ. ಅವಳ ಅಳತೆಗೇ.”

ಯಾರೋ ನಕ್ಕರು. ಮೂಲೆಯಲ್ಲಿ ಕೂತಿದ್ದ ಮುದುಕ, ಅದೇ ಬಸ್ ಡ್ರೈವರ್, ಗಂಟಲು ಸರಿಮಾಡಿಕೊಂಡ.

“ಆಕೆ ಖಾರ ಮುಟ್ತಾನೇ ಇರಲಿಲ್ಲ. ನಿಮಗೆ ಗೊತ್ತಿತ್ತಾ? ನಾಲಿಗೆಗೆ ತಾಗಿದ್ರೆ ಕಣ್ಣಲ್ಲಿ ನೀರು. ನಾನು ಬಸ್ಸಲ್ಲಿ ಬರೋವಾಗ ಮಿಠಾಯಿ ತಂದುಕೊಡ್ತಿದ್ದೆ.”

“ಹೌದಾ?” ಅಂದರು ಅಪ್ಪ. ಹುಟ್ಟಿದಾಗಿನಿಂದ ಅಕ್ಕನ ಜೊತೆ ಕೂತು ಉಂಡವರು ಅವರು.

ಪುಟ್ಟಿಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಕುಂಡದ ಕಾಯಿಗಳನ್ನು ಬುಟ್ಟಿಯಲ್ಲೇ ಬಿಟ್ಟು, ಹಿಂದಿನ ಮೆಟ್ಟಿಲು ಹತ್ತಿ ಹೋಗಿ ಗೊಂಚಲು ಇಳಿಸಿಕೊಂಡು ಬಂದಳು. ಬಾಣಲೆಯಲ್ಲಿ ಎಣ್ಣೆ ಕಾದಿತ್ತು. ಗೊಂಚಲು ಹಿಡಿದ ಕೈ ಬಾಣಲೆಯ ಮೇಲೆ ನಿಂತೇಬಿಟ್ಟಿತು. ಅವಳು ಮೇಲಿನ ಕೋಣೆಯ ಕಡೆ ಕಿವಿಗೊಟ್ಟು ಕಾದಳು. ಯಾರೂ ಕೆಮ್ಮಲಿಲ್ಲ.

ಅವಸರದಲ್ಲಿ ನೂಲು, ತೊಟ್ಟು ಸಿಕ್ಕಿದಷ್ಟು ಕಿತ್ತು ಎಲ್ಲವನ್ನೂ ಎಣ್ಣೆಗೆ ಹಾಕಿದಳು. ಬೀಜ ಚಿಟಪಟ ಸಿಡಿದು ಕಪ್ಪಾಯಿತು. ಘಾಟು ಕಿಟಕಿ ದಾಟಿ ಹೋಗಿ, ಹಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಕೆಮ್ಮತೊಡಗಿದರು. ಕೆಮ್ಮಲಿ ಬಿಡು ಎಂದುಕೊಂಡು ರುಬ್ಬಲು ಕೂತಳು.

ಎಲ್ಲರ ತಟ್ಟೆಗೂ ತಾನೇ ಬಡಿಸಿದಳು. ಡ್ರೈವರ್ ಬೆರಳ ತುದಿಯಷ್ಟು ನೆಕ್ಕಿ, “ಖಾರ,” ಎಂದು ಕಣ್ಣೊರೆಸಿಕೊಂಡ. ಟೈಲರಮ್ಮ ಎರಡನೇ ಸಲ ಹಾಕಿಸಿಕೊಂಡಳು.

“ಇಷ್ಟು ಸಿಹಿ ಯಾವತ್ತೂ ಇರಲಿಲ್ಲ,” ಅಂದರು ಅಪ್ಪ, ತಟ್ಟೆ ಬಳಿಯುತ್ತ. “ನೋಡಿದ್ರಾ? ನಮ್ಮ ಪುಟ್ಟಿ ಕೈಯಲ್ಲಿ ಎಲ್ಲ ಭದ್ರವಾಗಿದೆ.”

ಇನ್ನೊಂದು ತುತ್ತು ಬಾಯಿಗಿಟ್ಟರು. ಅಗಿಯುತ್ತಿದ್ದ ದವಡೆ ತಟ್ಟನೆ ನಿಂತಿತು. ಎರಡು ಬೆರಳು ಬಾಯೊಳಗೆ ಹಾಕಿ, ಹಲ್ಲಿನ ಸಂದಿಯಿಂದ ಏನನ್ನೋ ಮೆಲ್ಲಗೆ ಎಳೆದು ಬೆಳಕಿಗೆ ಹಿಡಿದರು. ಖಾರದಲ್ಲಿ ನೆಂದು ಕೆಂಪಾಗಿದ್ದ, ಗಂಟು ಇನ್ನೂ ಬಿಚ್ಚದ ಒಂದೆಳೆ ನೂಲು.